ಒರಳುಕಲ್ಲಿನ ಹಿಂಭಾರ

ಮನೆ ಬದಲಾಯಿಸುವವನಿಗೆ ಮೊದಲು ತಿಳಿಯುವ ಸತ್ಯವೆಂದರೆ, ಬೇಕಾದ ಸಾಮಾನಿಗಿಂತ ಬೇಡವಾದದ್ದೇ ಹೆಚ್ಚು ಭಾರ ಎಂಬುದು. ರೊಳ್ಳದ ಕಡೆಯಿಂದ ಹೊಲಿಗೆ ಕೆಲಸಕ್ಕೆಂದು ರಾಯದುರ್ಗಕ್ಕೆ ಬಂದ ಮೇಲೆ ಎಷ್ಟು ಬಾಡಿಗೆ ಮನೆ ಬದಲಾಯಿಸಿದ್ದೇವೆಂದರೆ, ದಾರಿಯಲ್ಲಿ ಯಾರದೋ ಟ್ರೇಲರ್ ಕಂಡರೂ ನನ್ನ ಸೊಂಟ ನೋಯತೊಡಗುತ್ತದೆ. ಜೀನ್ಸ್ ಹೊಲಿಯುವ ಮಿಷನ್ನಿನ ಸದ್ದು ಯಾವ ಮಾಲೀಕರಿಗೂ ಹೆಚ್ಚು ಕಾಲ ಹಿಡಿಸುವುದಿಲ್ಲ. ಒಬ್ಬರಿಗೆ ನಿದ್ದೆ ಕೆಡುತ್ತದೆ, ಇನ್ನೊಬ್ಬರ ಗೋಡೆ ಅದುರುತ್ತದೆ. ಮತ್ತೆ ಗಂಟುಮೂಟೆ ಕಟ್ಟುವುದು ನಾವು.

ನನ್ನ ಹೆಂಡತಿ ಗಂಗಮ್ಮ ಇದನ್ನು ಒಪ್ಪುವುದಿಲ್ಲ. ಅವಳ ಪ್ರಕಾರ ತಪ್ಪು ಮಿಷನ್ನಿನದಲ್ಲ, ಒರಳುಕಲ್ಲಿನದು. ತವರಿನಿಂದ ಬಂದ ಆ ಕಲ್ಲು ಹೊಸ ಮನೆಗೆ ಎಲ್ಲಕ್ಕಿಂತ ಮೊದಲು ಹೋಗಬೇಕಂತೆ. ಅದು ಕೂತರೆ ಸಂಸಾರವೂ ಕೂರುತ್ತದಂತೆ. ನಾವು ಪ್ರತಿ ಸಲವೂ ಅದನ್ನು ಕೊನೆಗೆ ಇಳಿಸಿದ್ದೇವೆ, ಅದಕ್ಕೇ ಎಲ್ಲೂ ನೆಲೆ ನಿಂತಿಲ್ಲ. ಅದರಲ್ಲಿ ರುಬ್ಬಿ ಯಾವ ಕಾಲವಾಯಿತೋ, ಈಗ ಎಲ್ಲಕ್ಕೂ ಮಿಕ್ಸಿ. ಆದರೆ ಈ ಸಲ ಕೋಟೆ ಬೆಟ್ಟದ ಬುಡದಲ್ಲಿ ಸಿಕ್ಕಿದ ಮನೆಗೆ ಅಂಗಳದಲ್ಲೇ ನಲ್ಲಿ ಇತ್ತು. ಇಲ್ಲಿಂದ ಇನ್ನೆಲ್ಲಿಗೂ ಬರುವುದಿಲ್ಲ ಎಂದುಬಿಟ್ಟಿದ್ದಳು. ನಿಜ ಹೇಳುತ್ತೇನೆ, ನನಗೂ ಸಾಕಾಗಿ ಹೋಗಿತ್ತು.

ಮೊದಲು ಇಳಿಯಬೇಕಾದದ್ದನ್ನು ಕೊನೆಗೆ ಏರಿಸಬೇಕಷ್ಟೆ. ಹಾಗಾಗಿ ಹಾಸಿಗೆ, ದಿಂಬು, ಚಾಪೆ ಟ್ರೇಲರಿನ ಮುಂದಕ್ಕೆ ಹೋದವು. ಅನ್ನ ಕೊಡುವ ಮಿಷನ್ನುಗಳು ಕಲ್ಲಿನ ಬೆನ್ನಿಗೇ ಮನೆ ಹೊಗಲಿ ಎಂದು ಹಿಂದಕ್ಕೆ ಬಂದವು. ಕಟ್ಟಕಡೆಗೆ, ತೀರಾ ಅಂಚಿನಲ್ಲಿ, ಕಲ್ಲು ಕೂತಿತು. ಟ್ರ್ಯಾಕ್ಟರ್ ಓಡಿಸುವ ವೀರೇಶ ಒಂದು ಸುತ್ತು ಹಾಕಿ ನೋಡಿದ.

"ಹಿಂಭಾರ ಆಗೈತ್ರಿ ಅಕ್ಕಾರ. ಎರಡಽ ಗಾಲಿ ಟ್ರೇಲರ್ ಇದು. ಏರಿನ್ಯಾಗ ಮುಂದಿನ ಮೂಕಿ ಮ್ಯಾಲೆದ್ದು ಟ್ರ್ಯಾಕ್ಟರ್‌ಗೆ ಹಿಡಿತ ಸಿಗಂಗಿಲ್ಲ. ಕಲ್ಲು ಮುಂದಕ್ಕ ಹಾಕ್ರಿ."

"ಮುಂದುಕ್ ಹಾಕುದ್ರೆ ಕೊನೇಗಿಳೀತೈತಣ್ಣ" ಎಂದಳು ಗಂಗಮ್ಮ. "ಇನ್ನೊಂದ್ಸಲ ಗಂಟು ಕಟ್ಟಾಕೆ ನನ್ ಕೈಲಾಗಲ್ಲ."

ಆ ದನಿ ಕೇಳಿ ವೀರೇಶ ಹೋಗಿ ಟ್ರ್ಯಾಕ್ಟರ್ ಹತ್ತಿದ. ಆದರೆ ಬೆಟ್ಟದ ಏರು ಬಂದಾಗ ಅವನು ಹೇಳಿದ್ದೇ ಆಯಿತು. ಟ್ರ್ಯಾಕ್ಟರಿಗೆ ಸಿಕ್ಕಿಸಿದ ಮೂಕಿ ಮೇಲಕ್ಕೆ ಜಗ್ಗಿತು, ದೊಡ್ಡ ಗಾಲಿಗಳು ಇದ್ದಲ್ಲೇ ಮಣ್ಣು ಕೆರೆದವು. ವೀರೇಶ ಇಳಿದು ಕಲ್ಲನ್ನು ನೋಡಿದ, ಗಂಗಮ್ಮನನ್ನು ನೋಡಿದ, ಕೊನೆಗೆ ನನ್ನ ಹೊಟ್ಟೆಯನ್ನು ನೋಡಿದ. ಅಣ್ಣಾರು ಮುಂದ ಕುಂತ್ರ ಸರಿಹೋಗ್ತೈತಿ ಎಂದ. ಮಿಷನ್ನಿನ ಮುಂದೆ ಕೂತು ಕೂತು ಬೆಳೆಸಿದ ಈ ಹೊಟ್ಟೆಗೆ ಹೆಂಡತಿಯಿಂದ ಒಂದು ಒಳ್ಳೆಯ ಮಾತು ಬಂದದ್ದಿಲ್ಲ. ಅಂದು ಅವಳೇ ಕೈಹಿಡಿದು ಹತ್ತಿಸಿದಳು. ನಾನು ಹಾಸಿಗೆಗಳ ಮೇಲೆ ಕೂತು, ಜೀನ್ಸ್ ಬಟ್ಟೆಯ ಗಂಟುಗಳನ್ನು ತೊಡೆಯ ಮೇಲೆ ಎಳೆದುಕೊಂಡೆ. ಮೂಕಿ ತಗ್ಗಿತು, ಗಾಡಿ ಏರು ಹತ್ತಿತು.

ಹೊಸ ಮನೆಯ ಮುಂದೆಯೂ ಏರೇ. ಮಿಷನ್ನುಗಳು ಇಳಿಯುವ ತನಕ ಅಲ್ಲಾಡಬೇಡಿ, ಎದ್ದರೆ ಮೂಕಿ ಮತ್ತೆ ಮೇಲೇಳುತ್ತದೆ ಎಂದು ವೀರೇಶ ನನಗೆ ತಾಕೀತು ಮಾಡಿದ. ಕಲ್ಲಿಗೆ ಅರಿಶಿನ ಕುಂಕುಮ ಬಿತ್ತು, ಅದು ಮೆರವಣಿಗೆಯಲ್ಲಿ ಒಳಹೋಯಿತು. ಅದರ ಹಿಂದೆ ಮಿಷನ್ನುಗಳು ಹೋದವು. ಒಳಗೆ ಹಾಲು ಉಕ್ಕಿದ ವಾಸನೆ ಬಂತು. ಮಿಷನ್ನುಗಳು ಹೋದ ಮೇಲೂ ನಾನು ಕೂತದ್ದು ಹಾಸಿಗೆಯ ಮೇಲೆ. ಎಷ್ಟೋ ದಿನದ ದಣಿವು, ಹಾಗೇ ಕಣ್ಣು ಹತ್ತಿಬಿಟ್ಟಿತ್ತು. ಎಬ್ಬಿಸಿದಾಗ, ನನ್ನಡಿಯ ಹಾಸಿಗೆ ಬಿಟ್ಟರೆ, ಟ್ರೇಲರಿನಲ್ಲಿ ಉಳಿದಿದ್ದ ಸಾಮಾನು ನಾನೊಬ್ಬನೇ.

ಮೊನ್ನೆ ಮಾಲೀಕರು ಬಂದು, ಗೋಡೆ ಅದುರುತ್ತಿದೆ ಎಂದರು. ಕಲ್ಲಿನ ಮೇಲೆ ಈ ಸಲ ತಪ್ಪು ಹೊರಿಸುವಂತಿಲ್ಲ, ಅದು ಮೊದಲೇ ಬಂದು ಕೂತಿದೆ. ಗಂಗಮ್ಮ ಎಲ್ಲಕ್ಕಿಂತ ಕೊನೆಗೆ ಮನೆ ಹೊಕ್ಕ ನನ್ನನ್ನೇ ನೋಡುತ್ತ ನಿಂತಳು.