ಮದರ್ ಬಿಡ್ತಿಲ್ಲ

ಇವರು: ಮೆಲ್ಲಗೆ ಎಳೆದೆ, ಬರಲಿಲ್ಲ. ಜೋರಾಗಿ ಎಳೆದೆ, ಬರಲಿಲ್ಲ. ಇನ್ನು ಹೇಗೆ ಎಳೀಲಿ, ನೀನೇ ಹೇಳು!

ನಾನು: ಮೊದಲು ಪಿಸುಮಾತಲ್ಲಿ ಕೇಳಿ. ಮಗು ಈಗಷ್ಟೇ ಮಲಗಿದೆ.

ಇವರು: (ಪಿಸುಮಾತಿನಲ್ಲಿ) ಹೇಗೆ ಎಳೀಲಿ?

ನಾನು: ಎಳೀಬೇಡಿ.

(ನಡುಮನೆಯಲ್ಲಿ ಹಳೇ ಬೆಡ್‌ಶೀಟ್ ಹಾಸಿ, ಕಂಪ್ಯೂಟರಿನ ಡಬ್ಬವನ್ನು ಅದರ ಮೇಲೆ ಪಕ್ಕಕ್ಕೆ ಮಲಗಿಸಿ, ಮುಚ್ಚಳ ತೆಗೆದಿಟ್ಟಿದ್ದೇವೆ. ಒಳಗೆ, ತೆರೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಜಪ್ಪಯ್ಯ ಅಂದರೂ ಅಲ್ಲಾಡದೆ ಕೂತಿದೆ. ಅದು ನನ್ನ ತಮ್ಮನದು. ಮದುವೆ ವಿಡಿಯೋ ಎಡಿಟ್ ಮಾಡಿ ಬದುಕುವ ಹುಡುಗ. 'ಭಾವನಿಗೆ ಆಫೀಸ್ ಕೆಲಸಕ್ಕೆ ಬೇಕಂತೆ, ಒಂದು ವಾರ ಕೊಡೋ' ಎಂದು ನಾನೇ ಗೋಗರೆದು ತಂದದ್ದು. ಆ ವಾರ ಮಗು ಬೋರಲು ಬೀಳುವುದನ್ನು ಕಲಿಯುತ್ತಿತ್ತು. ಈಗ ಮನೆ ತುಂಬಾ ಓಡುತ್ತದೆ. ಆ ವಾರ ಇನ್ನೂ ಮುಗಿದಿಲ್ಲ. ಆಫೀಸ್ ಕೆಲಸ ಎಂದರೆ ಇವರು ಕಂಪ್ಯೂಟರಿನಲ್ಲಿ ರೇಸ್ ಕಾರು ಓಡಿಸಿ ಗೋಡೆಗೆ ಗುದ್ದಿಸುವುದು. ಇವತ್ತು ಮಧ್ಯಾಹ್ನ ತಮ್ಮ ಫೋನ್ ಮಾಡಿ, 'ಭಾವ, ಕಾರ್ಡ್ ಕೊಡ್ಬೇಕಿತ್ತು, ಸಂಜೆ ಬರ್ತೀನಿ' ಎಂದನಂತೆ. ಕಾರ್ಡು ಮುರಿದರೆ ಅಮ್ಮನ ಮನೆಯಲ್ಲಿ ನಾನು ಮುಖ ಎತ್ತುವುದು ಹೇಗೆ?)

ನಾನು: ಪ್ಲಗ್ ತೆಗೆದಿದ್ದೀರಾ?

ಇವರು: ತೆಗೆದಿದ್ದೀನಿ.

ನಾನು: ಬರೀ ಸ್ವಿಚ್ ಆರಿಸಿದ್ರೋ, ಪ್ಲಗ್ಗೇ ಕಿತ್ರೋ?

ಇವರು: ಪ್ಲಗ್ಗೇ ಕಿತ್ತೆ. ಕಾರ್ಡಿಗೆ ಬರೋ ವೈರ್ ಬಿಚ್ಚಿದೆ. ಮಾನಿಟರ್ ವೈರೂ ಬಿಚ್ಚಿದೆ. ಇನ್ನು ಬಿಚ್ಚೋಕೆ ಉಳಿದಿರೋದು ನನ್ನ ಅಂಗಿ.

ನಾನು: ಮೈಯಲ್ಲಿರೋ ಕರೆಂಟು? ಸ್ವೆಟರ್ ತೆಗೆದಾಗ ಚಟಪಟ ಅನ್ನುತ್ತಲ್ಲ, ಅದು ತಾಗಿದ್ರೂ ಕಾರ್ಡ್ ಸುಟ್ಟುಹೋಗುತ್ತಂತೆ.

ಇವರು: ಅದಕ್ಕೇ ಡಬ್ಬದ ಕಬ್ಬಿಣ ಹಿಡ್ಕೊಂಡು ಕೂತಿದ್ದೀನಿ. ನಮ್ಮ ಮದುವೇಲೂ ಯಾರ ಕೈನೂ ಇಷ್ಟು ಹೊತ್ತು ಹಿಡಿದಿರಲಿಲ್ಲ.

ನಾನು: ಯಾರ ಕೈನೂ ಅಂದ್ರೆ? ಅಲ್ಲಿ ಇನ್ನೆಷ್ಟು ಕೈ ಇದ್ವು?

ಇವರು: ಈಗ ಕಾರ್ಡಿನ ವಿಚಾರ ಮಾತಾಡು.

ನಾನು: ಸರಿ. ಸ್ಕ್ರೂ ಎಲ್ಲಿ?

ಇವರು: ಎರಡೂ ತೆಗೆದೆ. ಇಲ್ಲೇ ಎಲ್ಲೋ ಇರಬೇಕು.

ನಾನು: ಇಲ್ಲೇ ಎಲ್ಲೋ! ಮಗು ಎದ್ದು ಬಂದು ಬಾಯಿಗೆ ಹಾಕ್ಕೊಂಡ್ರೆ?

(ಇಬ್ಬರೂ ಅಂಬೆಗಾಲಿಟ್ಟು ಹುಡುಕಿದೆವು. ಒಂದು ಸ್ಕ್ರೂ ಇವರ ಮೊಣಕಾಲಿಗೆ ಅಂಟಿಕೊಂಡಿತ್ತು. ಇನ್ನೊಂದು ನನ್ನ ಮುಷ್ಟಿಯಲ್ಲೇ ಇತ್ತು. ಕಳೆದುಹೋಗಬಾರದೆಂದು ನಾನೇ ಭದ್ರವಾಗಿ ಹಿಡಿದುಕೊಂಡಿದ್ದೆ. ಅದನ್ನು ಸದ್ದಿಲ್ಲದೆ ಬಟ್ಟಲಿಗೆ ಹಾಕಿದೆ.)

ಇವರು: (ಫೋನ್ ತೋರಿಸಿ) ನೋಡಿಲ್ಲಿ, ಈ ವಿಡಿಯೋದವನು ಎರಡೇ ಬೆರಳಲ್ಲಿ ಹೂವು ಕಿತ್ತ ಹಾಗೆ ಕಿತ್ತುಬಿಟ್ಟ.

ನಾನು: ಕೀಳೋ ಮುಂಚೆ ಏನೋ ಹೇಳ್ತಿದ್ದಾನಲ್ಲ, ಏನದು?

ಇವರು: ನನಗೇನು ಗೊತ್ತು? ಮಗು ಏಳುತ್ತೆ ಅಂತ ಸೌಂಡ್ ತೆಗೆಸಿದವಳು ನೀನು.

ನಾನು: ತುಟಿ ನೋಡಿ ಹೇಳಿ.

ಇವರು: ಮೀಸೆ ಅಡ್ಡ ಬರುತ್ತೆ.

(ಮತ್ತೆ ಎರಡು ಕೈ ಹಾಕಿ ಎಳೆದರು. ಕಾರ್ಡಿನ ಜೊತೆ ಇಡೀ ಡಬ್ಬವೇ ಬೆಡ್‌ಶೀಟಿನಿಂದ ಮೇಲೆದ್ದಿತು.)

ಇವರು: ಕಾರ್ಡಿಂದೇನೂ ತಪ್ಪಿಲ್ಲ ಕಣೆ. ಮದರ್ ಬಿಡ್ತಿಲ್ಲ.

(ಒಳಗಿನ ಭಾಗಗಳನ್ನೆಲ್ಲ ಸಿಕ್ಕಿಸುವ ದೊಡ್ಡ ಹಲಗೆಗೆ ಮದರ್‌ಬೋರ್ಡ್ ಎನ್ನುತ್ತಾರೆ. ಇವರು ಅದನ್ನು ಬಾಲ್ಯದ ಗೆಳತಿಯಂತೆ ಅರ್ಧ ಹೆಸರಲ್ಲೇ ಕರೆಯುತ್ತಾರೆ. ಪಕ್ಕದ ಕೋಣೆಯಲ್ಲಿರುವ ಅತ್ತೆಗೆ ಕಿವಿ ಮಂದ. ಎದುರು ನಿಂತು ಕೂಗಿದ್ದು ಅವರಿಗೆ ಕೇಳಿಸುವುದಿಲ್ಲ. ಪಿಸುಮಾತು ಮಾತ್ರ ಗೋಡೆಯಾಚೆಗೂ ಕೇಳಿಸುತ್ತದೆ.)

ನಾನು: ಎಳೆಯೋ ಭರದಲ್ಲಿ ಮದರ್‌ಗೆ ಪೆಟ್ಟಾದ್ರೆ?

ಇವರು: ಹಳೇ ಮದರ್. ಒಂದು ಪೆಟ್ಟಿಗೇ ಹೋಗುತ್ತೆ.

ನಾನು: ಹೋದ್ರೆ ಏನು ಮಾಡ್ತೀರಿ?

ಇವರು: ಹೊಸದು ತರೋದು. ಅಂಗಡಿಯವನೇ ಬಂದು ಹಳೇದನ್ನ ಎತ್ಕೊಂಡು ಹೋಗ್ತಾನೆ.

ಅತ್ತೆ: (ಬಾಗಿಲಲ್ಲಿ ನಿಂತು) ಯಾವ ಅಂಗಡಿಯೋ ಅದು?

ನಾನು: ಅಯ್ಯೋ ಅತ್ತೆ, ಅದು ನೀವಲ್ಲ!

ಅತ್ತೆ: ಮತ್ತೆ ಈ ಮನೇಲಿ ಹಳೇ ಮದರ್ ಇನ್ಯಾರಮ್ಮ?

ಇವರು: ಅಮ್ಮ, ನಾವು ಮಾತಾಡ್ತಿರೋದು ಈ ಹಲಗೆ ವಿಚಾರ.

ಅತ್ತೆ: ಈಗ ಹಲಗೆ ಬೇರೆ ಆದೆನಾ!

ಇವರು: ಎಲ್ಲ ಇದಕ್ಕೇ ಅಂಟ್ಕೊಂಡಿರುತ್ತೆ. ಇದಿಲ್ಲದೆ ಏನೂ ನಡೆಯೋದೇ ಇಲ್ಲ.

ಅತ್ತೆ: ಅಷ್ಟು ಗೊತ್ತಿದ್ದೂ ಪೆಟ್ಟು ಕೊಡ್ತೀನಿ ಅಂತೀಯಲ್ಲೋ!

(ಅತ್ತೆ ಸೋಫಾದಲ್ಲಿ ತಳವೂರಿ ಕೂತರು. 'ಯಾರು ಎತ್ಕೊಂಡು ಹೋಗ್ತಾನೋ ನಾನೂ ನೋಡ್ತೀನಿ' ಎಂದು ಸೆರಗನ್ನೂ ಸಿಕ್ಕಿಸಿಕೊಂಡರು. ಇವರು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು.)

ಇವರು: ಇದನ್ನ ಕೆಳಗೆ ತೂರಿಸಿ ಒಂದು ಸಲ ಮೀಟಿಬಿಡ್ತೀನಿ.

ನಾನು: ನಿಮ್ಮ ದಮ್ಮಯ್ಯ, ಮೀಟಬೇಡಿ! ಜಾರಿ ಬೋರ್ಡಿಗೆ ಚುಚ್ಚಿದ್ರೆ? ಟಾರ್ಚ್ ಕೊಡಿ ಇಲ್ಲಿ... ರೀ, ಸ್ಕ್ರೂ ಇದ್ದ ತುದಿ ಎದ್ದಿದೆ. ಆ ಕಡೆ ತುದಿ ಮಾತ್ರ ಕಚ್ಚಿಕೊಂಡಿದೆ. ಅಲ್ಲೇನೋ ಲಾಕ್ ಇರಬೇಕು.

ಇವರು: ನಿನಗೆ ಎಲ್ಲೆಲ್ಲೂ ಲಾಕೇ ಕಾಣೋದು. ಮಗು ಕೈ ಹಾಕುತ್ತೆ ಅಂತ ಫ್ರಿಜ್ಜಿಗೆ ಲಾಕು, ಡ್ರಾಯರಿಗೆ ಲಾಕು, ಕಮೋಡಿಗೂ ಲಾಕು! ಬೆಳಗ್ಗೆ ಅದರ ಮುಂದೆ ಎಷ್ಟು ಹೊತ್ತು ಕುಣಿದೆ ಗೊತ್ತಾ?

ನಾನು: ಏನು ಮಾಡಿದ್ರಿ?

ಇವರು: ಎಳೆದೆ. ಬರಲಿಲ್ಲ.

ನಾನು: ಅದನ್ನ ಎಳೆಯೋದಲ್ಲ, ಒತ್ತಿ ಎತ್ತೋದು. ಮಕ್ಕಳು ಸುಮ್ಮನೆ ಎಳೀತಾವೆ ಅಂತಾನೇ ಹಾಗೆ ಮಾಡಿರೋದು.

ಅತ್ತೆ: ಇವನು ಹುಟ್ಟಿದಾಗಿಂದ ಎಳೆಯೋದೇ.

ಇವರು: ಕಂಪ್ಯೂಟರ್ ಮಾಡಿದವನು ಮಗು ಕೈಗೆ ಸಿಗಬಾರದು ಅಂತ ಡಬ್ಬದ ಒಳಗೆ ಲಾಕ್ ಇಡ್ತಾನಾ?

ನಾನು: ಮಗು ಕೈಗಲ್ಲ, ಮಗುವಿನ ಅಪ್ಪನ ಕೈಗೆ.

(ಮಗುವಿನ ಪ್ಲಾಸ್ಟಿಕ್ ಚಮಚ ತಂದೆ. ಕಾರ್ಡಿನ ಫ್ಯಾನಿನ ಅಡಿಯಲ್ಲಿ, ಅದು ಕೂತಿದ್ದ ಸೀಳಿನ ಕೊನೆಗೆ ಉಗುರಿನಷ್ಟು ಒಂದು ಲಾಕು ಅಡಗಿತ್ತು. ಬೆರಳು ಹೋಗದ ಜಾಗ. ಚಮಚದ ಹಿಡಿಯಿಂದ ಒತ್ತಿದೆ. 'ಟಿಕ್' ಎಂದಿತು. 'ಅಲ್ಲಾಡಿಸಬೇಡಿ, ನೆಟ್ಟಗೆ ಎತ್ತಿ' ಎಂದೆ. ಇವರು ಎತ್ತಿದರು. ಕಾರ್ಡು ಹೂವಿನಂತೆ ಕೈಗೆ ಬಂತು.

ಡಬ್ಬ ಎದ್ದು ಬಿದ್ದಾಗ, ಅತ್ತೆ ಕೂಗಾಡಿದಾಗ ಏಳದ ಮಗು ಆ 'ಟಿಕ್'ಗೆ ಎದ್ದು ಓಡಿಬಂತು. ಬಿಸ್ಕತ್ತಿನ ಡ್ರಾಯರಿನ ಲಾಕು ಬಿಡುವ ಸದ್ದು ಅದಕ್ಕೆ ಚೆನ್ನಾಗಿ ಗೊತ್ತು. ಅತ್ತೆ ಎತ್ತಿಕೊಂಡರು. ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಚೀಲ ಹಿಡಿದು ತಮ್ಮ ಬಂದ.)

ಇವರು: (ಕಾರ್ಡನ್ನು ಎರಡೂ ಕೈಯಲ್ಲಿ ಚಾಚಿ) ತಗೋ ಮಹಾರಾಯ, ನಿನ್ನ ಕಾರ್ಡು. ಒಂದು ಗೀರೂ ಬೀಳದ ಹಾಗೆ ಇಟ್ಟಿದ್ದೀನಿ.

ತಮ್ಮ: ಏನಿದು ಭಾವ?

ಇವರು: ನೀನೇ ಫೋನಲ್ಲಿ ಅಂದ್ಯಲ್ಲಪ್ಪ, ಕಾರ್ಡ್ ಕೊಡ್ಬೇಕಿತ್ತು ಅಂತ.

ತಮ್ಮ: ಹೌದು, ಕೊಡ್ಬೇಕಿತ್ತು. ನೀವಲ್ಲ ಭಾವ, ನಾನು! (ಚೀಲದಿಂದ ಮಿರಿಮಿರಿ ಮಿಂಚುವ ಕಾಗದ ತೆಗೆದು) ಸ್ವಂತ ಸ್ಟುಡಿಯೋ ಶುರು ಮಾಡ್ತಿದ್ದೀನಿ ಅಕ್ಕ. ಓಪನಿಂಗಿಗೆ ಕರೆಯೋ ಕಾರ್ಡು. ಮೊದಲನೇದು ನಿಮಗೇ ಕೊಡೋಣ ಅಂತ ಬಂದೆ.

(ಇವರ ಚಾಚಿದ ಕೈಗಳು ಮೆಲ್ಲಮೆಲ್ಲನೆ ಹಿಂದಕ್ಕೆ ಸರಿಯತೊಡಗಿದವು.)

ಇವರು: ಓಹೋ, ಹಾಗೋ! ತುಂಬಾ ಸಂತೋಷ. ಹಾಗಾದ್ರೆ ಇದನ್ನ ಒಳಗೆ...

ತಮ್ಮ: (ಒಂದು ತುದಿ ಹಿಡಿದು) ಅರೆ, ಇದು ನಂದಲ್ವಾ? ಹೊಸದು ತಗೊಂಡ ಮೇಲೆ ಮರೆತೇಬಿಟ್ಟಿದ್ದೆ! ಸ್ಟುಡಿಯೋದಲ್ಲಿ ಎರಡನೇ ಕಂಪ್ಯೂಟರಿಗೆ ಇದೇ ಸಾಕು. ಒಳ್ಳೆ ಟೈಮಿಗೆ ತೆಗೆದಿಟ್ಟಿದ್ದೀರಿ ಭಾವ.

(ಎಳೆದ. ಬರಲಿಲ್ಲ. ಜೋರಾಗಿ ಎಳೆದ. ಬರಲಿಲ್ಲ.)

ತಮ್ಮ: ಅಕ್ಕ, ಭಾವ ಬಿಡ್ತಿಲ್ಲ.

ನಾನು: ಎಳೀಬೇಡ ಕಣೋ, ತಡಿ.

(ಇವರ ಹೆಬ್ಬೆರಳಿನ ಬುಡವನ್ನು ಚಮಚದ ಹಿಡಿಯಿಂದ ಮೆಲ್ಲಗೆ ಒತ್ತಿದೆ. ಬಿಟ್ಟರು.

ತಮ್ಮ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, 'ಎಲ್ಲರೂ ಬರಲೇಬೇಕು' ಎಂದು ಹೇಳಿ ಹೊರಟುಹೋದ. ನನ್ನ ಮುಖ ಉಳಿಯಿತು. ಇವರ ಮುಖ ನೋಡಲಾಗುತ್ತಿರಲಿಲ್ಲ. ಡಬ್ಬದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕಾರ್ಡಿದ್ದ ಸೀಳನ್ನು ಬೆರಳಿನಿಂದ ಸವರುತ್ತಿದ್ದರು.)

ಇವರು: ಎಲ್ಲ ಖಾಲಿಯಾಗೋಯ್ತು.

ಅತ್ತೆ: (ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳುತ್ತ) ಕಾರ್ಡು ಹೋದ್ರೆ ಹೋಗ್ಲಿ ಬಿಡೋ. ಮದರ್ ಎಲ್ಲೂ ಹೋಗಲ್ಲ.