ಪುಸ್ತಕದ ಆಚೆ ಬದಿ

ಓದು ಕಲಿಸುವ ಕೆಲಸ ಹಿಡಿದವರು ನಗೆಯ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಮನೆ ಕೇಳಿಕೊಂಡು ಬರುತ್ತವೆ. ನನ್ನ ಮನೆಗೆ ಅವು ಬಂದಾಗಲೆಲ್ಲ ಯಾರೋ ಸತ್ತಿರುತ್ತಿದ್ದರು, ಅಷ್ಟೇ ವ್ಯತ್ಯಾಸ. ಮುಂದೆ ನಾನು ಕರಾಚಿ ನೋಡಿದೆ, ಕೊಲಂಬೋ ನೋಡಿದೆ, ರಂಗೂನಿನ ಹಡಗಿನಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡೆ. ಆದರೆ ಟ್ರೇನಿಂಗ್ ಕಾಲೇಜು ಸೇರಲು ಆಳಂದ, ಅಫಜಲಪುರ, ಜೇವರ್ಗಿ ದಾಟಿದ್ದೇ ದೊಡ್ಡ ಪ್ರಯಾಣ.

೧. ಆಳಂದ

ನಿಜಾಮರ ಸೀಮೆ. ಶಾಲೆಯಲ್ಲಿ ಉರ್ದು, ಅಂಗಡಿಯ ಹಲಗೆಯ ಮೇಲೂ ಉರ್ದು. ಕನ್ನಡ ಬೇಕೆಂದರೆ ಮಾಸ್ತರರನ್ನು ಮನೆಗೆ ಕರೆಸಬೇಕು. ಅಪ್ಪ ಕರೆಸಿದ್ದು ನನ್ನ ತಮ್ಮನಿಗಾಗಿ. ಪಡಸಾಲೆಯಲ್ಲಿ ಅವರಿಬ್ಬರೂ ಕಂಬಳಿಯ ಮೇಲೆ, ಮುಂದೆ ಪುಸ್ತಕ. ಅದರ ಆಚೆ ಬದಿಗೆ ಜೋಳ ಹಸನು ಮಾಡುತ್ತ ನಾನು. ಮಾಸ್ತರರ ಕಡ್ಡಿ ಯಾವ ಅಕ್ಷರದ ಮೇಲೆ ಹೋಗುತ್ತಿತ್ತೋ ನನ್ನ ಕಣ್ಣೂ ಅದರ ಮೇಲೆ.

ಆ ಚಳಿಗಾಲ ಪ್ಲೇಗು ಬಂತು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದೆವು. ತಮ್ಮ ಅಲ್ಲಿಂದ ತಿರುಗಿ ಬರಲಿಲ್ಲ. ಅವನ ಟೊಪ್ಪಿಗೆಯ ಜೊತೆ ಪುಸ್ತಕವನ್ನೂ ಅವ್ವ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದಳು. ನಾನು ಅದನ್ನು ಒಮ್ಮೆಯೂ ಕೈಯಲ್ಲಿ ಹಿಡಿದಿರಲಿಲ್ಲ.

ಮಾಸ್ತರರು ಬಂದು ಅತ್ತರು. ಏಳುವಾಗ ಅಪ್ಪನಿಗೆ ಹೇಳಿದರು: "ಹುಡುಗ ಭಾಳ ಶಾಣ್ಯಾ ಇದ್ದ ರೀ. ಅವಂಗ ಹೇಳಿದ್ದು ಎದುರಿಗೆ ಕುಂತಾಕಿಗೂ ಬಂದದ. ಮಗಳು ಓದ್ತಾಳ."

ಅಪ್ಪ ಕಣ್ಣೊರೆಸಿಕೊಂಡ. "ಓದ್ತಾಳೇನ್ರಿ? ಹಂಗಾದ್ರ ಲಗೂನ ಲಗ್ನ ಮಾಡ್ಬೇಕು."

೨. ಅಫಜಲಪುರ

ಮಾಡಿದರು. ಅಫಜಲಪುರದ ಗಂಡ ಒಳ್ಳೆಯವನು. ಸಂತೆಯಿಂದ ನನಗೊಂದು ಕನ್ನಡ ಪುಸ್ತಕ ತಂದುಕೊಟ್ಟಿದ್ದ. ಅವನಿಗೆ ಓದು ಬರುತ್ತಿರಲಿಲ್ಲ. ನಾನು ಓದುವ ರೀತಿ ಸರಿಯೋ ತಪ್ಪೋ ಹೇಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಭೀಮಾ ನದಿಯ ನೆರೆ ಇಳಿದ ಮೇಲೆ ಊರಿಗೆ ಬಂದ ವಾಂತಿಬೇನೆ ಅವನನ್ನು ಒಯ್ದಿತು.

ವರ್ಷ ಕಳೆದ ಮೇಲೆ ಮಾವನವರು ಕಟ್ಟೆಯ ಹಿರಿಯರನ್ನು ಕರೆಸಿದರು. "ಮಗ ಹ್ವಾದ. ಅವನ ಹಿಂದ ಇಕಿನ್ನೂ ಜೀವಂತ ಮಣ್ಣು ಮಾಡೂದು ನನಗ ಆಗೂದಿಲ್ಲ. ಓದು ಕಲಿಸೋ ಬಾಯಿ ಮಾಡ್ತೇನಿ. ಟ್ರೇನಿಂಗಿಗೆ ಎಲ್ಲಿ ಹಾಕ್ಲಿ, ಹೇಳ್ರಿ."

ಶಾಲೆ ಕಲಿಸುವ ಹೆಂಗಸಿಗೆ ನಮ್ಮ ಕಡೆ ಬಾಯಿ ಅನ್ನುತ್ತಾರೆ, ಅವರ ಮುಖ್ಯಸ್ಥೆಗೆ ದೊಡ್ಡಬಾಯಾರು. ನಮ್ಮ ಹಿರಿಯರಿಗೆ ಹುಡುಗಿಯನ್ನು ಬೇರೆ ಊರಿಗೆ ಕಳಿಸುವ ರೀತಿ ಒಂದೇ ಗೊತ್ತು.

"ಹೈದರಾಬಾದಿನ್ಯಾಗ ನೀರು ಹ್ಯಾಂಗದ?"

"ಸೊಲ್ಲಾಪುರದವರ ಮಾತು ಬಿರುಸಪ್ಪಾ. ಹುಡುಗಿ ಬಾಳೋದು ಕಷ್ಟ."

"ಧಾರವಾಡ ಕನ್ನಡ ಖರೆ, ಆದ್ರ ಇಂಗ್ರೇಜಿ ಸೀಮಿ. ಅಲ್ಲಿ ದೊಡ್ಡಬಾಯಾರ ತವರು ಯಾವುದು? ಮಂದಿ ಹೆಂಥವರು?"

ಬಾಗಿಲ ಹಿಂದೆ ನಾನು ಅತ್ತೆಗೆ ಪಿಸುಗುಟ್ಟಿದೆ: "ಅಲ್ಲಿ ಏನೇನು ಕಲಿಸ್ತಾರ ಅಂತ ಕೇಳ್ಸ್ರಿ."

"ಸುಮ್ಮಿರ್ಬೇ," ಅಂದರು ಅತ್ತೆ. "ಗಂಡನ್ನ ನೋಡೋವಾಗ ನಿನ್ನ ಯಾರರೆ ಕೇಳಿದ್ರೇನು?"

ಕಡೆಗೆ ಮೂರೂ ಊರು ನೋಡಿ ಬರುವುದೆಂದಾಯಿತು.

೩. ಜೇವರ್ಗಿ

ಸುದ್ದಿ ಜೇವರ್ಗಿಯ ನನ್ನ ಸೋದರಮಾವನಿಗೆ ಮುಟ್ಟಿತು. ಆತ ಅಷ್ಟರಲ್ಲಿ ನನಗೊಂದು ಉಡಿಕೆ ನೋಡಿದ್ದ. ಗಂಡ ಸತ್ತವಳಿಗೆ ಸೀರೆ ಉಡಿಸಿ ಇನ್ನೊಬ್ಬನ ಮನೆಗೆ ಕಳಿಸುವ ಪದ್ಧತಿ ಅದು. ಇಬ್ಬರು ಹೆಂಡರನ್ನು ಕಳಕೊಂಡ ಸಾಹುಕಾರ. ದೊಡ್ಡ ಮನೆ, ಮಂಜು ಕಣ್ಣು. ಕಾಲೇಜು ನೋಡಲು ಹೊರಟ ನನ್ನನ್ನೂ ಮಾವನವರನ್ನೂ ಸೋದರಮಾವ ಮೊದಲು ಜೇವರ್ಗಿಗೆ ಕರೆಸಿಕೊಂಡ.

"ಓದ್ತಾಳ ಅಂದ್ರಲ್ಲ, ನೋಡೋಣ," ಎಂದು ಆ ಸಾಹುಕಾರ ನಮ್ಮನ್ನು ತನ್ನ ಹೊಲಕ್ಕೆ ಕರೆದೊಯ್ದ. ಅಲ್ಲಿ ಹೆಂಡರ ಹೆಸರು ಕನ್ನಡದಲ್ಲಿ ಕೊರೆದ ಶಹಾಬಾದಿ ಕಲ್ಲು ಹಾಸಿದ ಎರಡು ಗೋರಿ. ನಾನು ಸುತ್ತು ಹಾಕಿ ಆಚೆ ಬದಿಗೆ ನಿಂತು ಎರಡೂ ಹೆಸರು ಸರಸರ ಓದಿದೆ. ಗೋರಿಗೆ ಭಕ್ತಿಯಿಂದ ಪ್ರದಕ್ಷಿಣೆ ಹಾಕಿದಳೆಂದು ಸಾಹುಕಾರನಿಗೆ ಬಹಳ ಸಂತೋಷವಾಯಿತು.

ಪಕ್ಕದಲ್ಲಿ ಹಸನು ಮಾಡಿದ ಖಾಲಿ ನೆಲವಿತ್ತು. "ಇದೇನ್ರಿ?" ಅಂದೆ.

"ಮೂರನೇದಕ್ಕ ಜಾಗಾ ಬಿಟ್ಟೇನಿ," ಅಂದ ಆತ, ನನ್ನನ್ನು ಕಾಲಿನಿಂದ ತಲೆಯವರೆಗೆ ಅಳೆಯುತ್ತ. "ಸಾಕಾಗ್ತದ."

ಸೋದರಮಾವ ನನ್ನ ಕಿವಿಯಲ್ಲಿ ಅಂದ: "ಹೆಂಥಾ ಮುಂದಾಲೋಚನಿ ನೋಡಬೇ! ಮೂರು ಕಾಲೇಜಿನ್ಯಾಗ ಒಂದರೆ ತಗೊಂಡ್ರ ಹೋಗು. ಇಲ್ಲಂದ್ರ ಬಂದ ದಿನಾನೇ ಸೀರಿ."

೪. ಧಾರವಾಡ

ಹೈದರಾಬಾದಿನವರು ಮೊದಲು ಉರ್ದು ಕಲಿತು ಬಾ ಅಂದರು. ಸೊಲ್ಲಾಪುರದವರು ಮರಾಠಿ ಕಲಿತು ಬಾ ಅಂದರು. ಧಾರವಾಡದ ಕಟ್ಟಡದ ಮೆಟ್ಟಿಲ ಮೇಲೆ ಮಾವನವರು ತಲೆಯ ರುಮಾಲು ಬಿಚ್ಚಿ ಕೂತರು. ನಾನು ಒಳಗೆ ಹೋದೆ.

ದೊಡ್ಡಬಾಯಾರು ಮೇಜಿನ ಮೇಲೆ ಪುಸ್ತಕ ಬಿಚ್ಚಿಟ್ಟರು. ನಾನು ಅದನ್ನು ತಲೆಕೆಳಗಾಗಿ ತಿರುಗಿಸಿಟ್ಟುಕೊಂಡು ಸರಾಗವಾಗಿ ಓದಿದೆ. ಬಾಯಿಪಾಠವಿರಬೇಕೆಂದು ಅವರು ಬೇರೆ ಪುಟ ತೆಗೆದು ನೆಟ್ಟಗೆ ಇಟ್ಟರು. ನಾನು ಮತ್ತೆ ತಿರುಗಿಸಿದೆ, ಓದಿದೆ. ಅಲ್ಲಿದ್ದ ಇಬ್ಬರು ಬಾಯಾರು ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು.

"ನೆಟ್ಟಗ ಹಿಡಿದು ಓದವಾ."

ನೆಟ್ಟಗೆ ಹಿಡಿದೆ. ಅಕ್ಷರಗಳೆಲ್ಲ ಅಪರಿಚಿತರ ಹಾಗೆ ಕಂಡವು. ತಡವರಿಸಿದೆ. ಹೊಲದ ಆ ಖಾಲಿ ನೆಲ ಕಣ್ಣ ಮುಂದೆ ಬಂತು.

"ಹಿಂಗ್ಯಾಕ ಕಲಿತಿ?"

"ತಮ್ಮ ಆ ಕಡಿ ಕೂಡ್ತಿದ್ದ ರೀ, ನಾ ಈ ಕಡಿ. ಹೆಣ್ಮಕ್ಕಳ ಕಡಿಂದ ಅಕ್ಷರ ಹಿಂಗ ಇರ್ತಾವ ಅಂತ ತಿಳಿದಿದ್ದೆ."

ನಗು ನಿಂತಿತು. ದೊಡ್ಡಬಾಯಾರು ಬಾಲವರ್ಗದ ಒಂದು ಮಗುವನ್ನು ಕರೆಸಿ ನನ್ನೆದುರು ಕೂರಿಸಿದರು. ಪುಸ್ತಕವನ್ನು ಮಗುವಿಗೆ ನೆಟ್ಟಗಿಟ್ಟು, "ಓದಿಸು," ಅಂದರು. ನಾನು ಕಡ್ಡಿ ಹಿಡಿದೆ. ಕಡ್ಡಿ ಹೋದಲ್ಲಿ ಮಗುವಿನ ಕಣ್ಣು ಹೋಯಿತು. ಪುಟ ಮುಗಿಯಿತು.

ದೊಡ್ಡಬಾಯಾರು ಆ ಇಬ್ಬರ ಕಡೆ ತಿರುಗಿದರು: "ಪುಸ್ತಕ ಕೂಸಿನ ಕಡಿ ಇರ್ಲಿ, ನೀವು ಎದುರಿಂದ ಓದ್ರಿ ಅಂತ ಹೇಳಿ ಹೇಳಿ ನನ್ನ ಗಂಟಲು ಹರೀತು. ಇನ್ನೂ ಕುತ್ತಿಗಿ ಹೊರಳಸ್ತೀರಿ. ಇಕಿ ನೋಡ್ರಿ, ಕಲಿತೇ ಬಂದಾಳ! ಇನ್ನು ನೆಟ್ಟಗ ಓದೂದೊಂದು ಕಲಿಸಿದ್ರ ಆತು."

ಹೊರಗೆ ಬಂದು, ತಗೊಂಡರು ಎಂದು ಹೇಳಿದೆ. ಮಾವನವರು ರುಮಾಲಿನಲ್ಲಿ ಮುಖ ಮುಚ್ಚಿಕೊಂಡು ಮಗನ ಹೆಸರು ಹಿಡಿದು ಅತ್ತರು. ಆಮೇಲೆ ಮೂಗೊರೆಸಿಕೊಂಡು ಎದ್ದರು. ಊರಿಗೆ ಹೋಗುವಾಗ ಜೇವರ್ಗಿಗೆ ಇಳಿದು ನನ್ನ ಸೋದರಮಾವನಿಗೆ ಅಂದರಂತೆ: "ಹುಡುಗಿ ಬರೂದಿಲ್ಲ. ನಿನ್ನ ಸಾಹುಕಾರ್ಗ ಆ ಜಾಗಾದಾಗ ಬದನಿ ಹಚ್ಚು ಅನ್ನು."

ಸೋದರಮಾವ ಹೋಗಿ ಹೇಳಿ ಬಂದನಂತೆ.

"ಏನಂದ?" ಎಂದು ಮಾವನವರು ಕೇಳಿದರಂತೆ.

"ಸಿಟ್ಟಾಗ್ಲಿಲ್ಲ ರೀ. ಎಷ್ಟು ಸಸಿ ಹಿಡೀತಾವ ಅಂತ ಕೇಳಾಕತ್ತಾನ."