ತೆರೆಯಲಾಗದ ಡಬ್ಬಿಯ ತಯಾರಕರಿಗೆ ಪ್ಲಿಮತ್‌ನಿಂದ ಒಂದು ಬಿನ್ನಹ

ಹಳೆಯ ಚಿತ್ರಗಳ ಡಿಸ್ಕುಗಳನ್ನು ಹೊರತರುವ ಸಂಸ್ಥೆಯ ಡಬ್ಬಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ಮಿಶಿಗನ್ ರಾಜ್ಯದ ಪ್ಲಿಮತ್ ವಾಸಿ ಸಂಗಮೇಶನ ನಮಸ್ಕಾರಗಳು. ಇಲ್ಲಿ ಹೊರಗೆ ಮೂಳೆ ಕೊರೆಯುವ ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್ ಇದ್ದು, ಒಳಗೆ ನಾವೆಲ್ಲರೂ ಕ್ಷೇಮ. ತಾವೂ ತಮ್ಮ ರಟ್ಟು, ಅಂಟು, ಉಕ್ಕಿನ ತಗಡುಗಳೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಈ ಪತ್ರವನ್ನು ಕನ್ನಡದಲ್ಲಿ, ಅದೂ ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಇಂಗ್ಲಿಷಿನಲ್ಲಿ ಬರೆದ ಮೂರು ಪತ್ರಗಳಿಗೂ ತಮ್ಮಿಂದ ಅಕ್ಷರ ಬದಲಾಗದ ಒಂದೇ ಉತ್ತರ ಬಂದದ್ದರಿಂದ, ಭಾಷೆಯನ್ನಾದರೂ ಬದಲಿಸಿ ನೋಡೋಣ ಎನ್ನಿಸಿತು.

ನಾನು ವೃತ್ತಿಯಿಂದ, ಕಾರುಗಳಲ್ಲಿ ಕಾಗದಪತ್ರ ಇಡುವ ಗ್ಲೋವ್ ಬಾಕ್ಸ್‌ಗಳ ಚಿಲಕಗಳನ್ನು ರೂಪಿಸುವ ಇಂಜಿನಿಯರ್. ಪ್ಲಾಸ್ಟಿಕ್ಕಿನ ಒಂದು ತುಂಡು ಇನ್ನೊಂದನ್ನು ಎಷ್ಟು ಗಟ್ಟಿಯಾಗಿ ಹಿಡಿಯಬೇಕು, ಎಷ್ಟು ಸುಲಭವಾಗಿ ಬಿಡಬೇಕು ಎಂಬುದೊಂದನ್ನೇ ಯೋಚಿಸುತ್ತ ಇಪ್ಪತ್ತಮೂರು ವರ್ಷ ಅನ್ನ ಉಂಡಿದ್ದೇನೆ. ಬಿಡುವಿನಲ್ಲಿ ಸಿನಿಮಾ ಡಿಸ್ಕುಗಳನ್ನು ಕೂಡಿಡುವ ಹವ್ಯಾಸ. ನನಗೆ ಇಷ್ಟವಾದದ್ದು ಹಳೆಯ ಕಾಲದ ದಪ್ಪ ಕಪ್ಪು ಪ್ಲಾಸ್ಟಿಕ್ ಡಬ್ಬಿ: ಕೈಯಿಂದ ಬಿದ್ದರೂ ಮುಖ ಕೆಡದು, ನಡುವಿನ ಗುಂಡಿಯನ್ನು ಒತ್ತಿದರೆ ಡಿಸ್ಕು ತಾನಾಗಿ ಮೇಲೇಳುತ್ತದೆ. ತೆಳು ನೀಲಿ ಡಬ್ಬಿಯನ್ನು ಸಹಿಸಬಲ್ಲೆ. ಪ್ಲಾಸ್ಟಿಕ್ ಉಳಿಸಲೆಂದು ಬೆನ್ನಿನಲ್ಲಿ ತೂತು ಕೊರೆದ ಡಬ್ಬಿಯನ್ನು ಕಂಡರೆ ಯಾರೋ ಕದ್ದು ತಿಂದುಳಿಸಿದಂತೆ ಕಾಣುತ್ತದೆ.

ನನ್ನ ಗೆಳೆಯ ರವಿಶಂಕರ್ ಅವರದು ಬೇರೆ ಪಂಥ. ಮೈಸೂರಿನವರು, ಶಿಕಾಗೋ ಪಕ್ಕದ ಸ್ಕೋಕಿಯಲ್ಲಿ ಮೂವತ್ತು ವರ್ಷ ಔಷಧಿ ಅಂಗಡಿಯ ಫಾರ್ಮಸಿಸ್ಟ್ ಆಗಿದ್ದು ಈಗ ನಿವೃತ್ತರು. ಅವರು ಕೊಳ್ಳುವುದು ಉಕ್ಕಿನ ಡಬ್ಬಿಗಳನ್ನು ಮಾತ್ರ, ಮತ್ತು ಅವುಗಳ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಎಂದೂ ಹರಿಯುವವರಲ್ಲ. ಗುಂಡುಸೂಜಿಯ ತಲೆಯಷ್ಟು ತಗ್ಗು ಕಂಡರೂ ಡಬ್ಬಿ ವಾಪಸು ಹೋಗುತ್ತದೆ. ಹದಿನಾಲ್ಕು ವರ್ಷಗಳಿಂದ ನಾವಿಬ್ಬರೂ ತಿಂಗಳಿಗೊಮ್ಮೆ ನಡುದಾರಿಯ ಕಲಾಮಝೂವರೆಗೆ ಡ್ರೈವ್ ಮಾಡಿ, ಒಂದೇ ಹೋಟೆಲಿನಲ್ಲಿ ಕೂತು ಈ ವಿಷಯಕ್ಕೆ ಜಗಳವಾಡಿ, ಖುಷಿಯಾಗಿ ಮನೆಗೆ ಮರಳುತ್ತೇವೆ.

ಕಳೆದ ವರ್ಷ ತಾವು ಸಂಗ್ರಾಹಕರ ಅಭಿರುಚಿ ತಿಳಿಯಲು ನಡೆಸಿದ ಸಮೀಕ್ಷೆಯಲ್ಲಿ ನಾವಿಬ್ಬರೂ ಭಕ್ತಿಯಿಂದ ಭಾಗವಹಿಸಿದೆವು. ಹೊರಕವಚ ಹೊಳೆಯಬೇಕೇ ಮಂಕಾಗಿರಬೇಕೇ, ಬೆನ್ನಿನ ಹೆಸರು ಮೇಲಿನಿಂದ ಕೆಳಗೆ ಓಡಬೇಕೇ ಕೆಳಗಿನಿಂದ ಮೇಲಕ್ಕೇರಬೇಕೇ ಎಂದು ತಾವು ಮೂವತ್ತೆರಡು ಪ್ರಶ್ನೆ ಕೇಳಿದಿರಿ. ಡಿಸ್ಕನ್ನು ಹೊರಗೆ ತೆಗೆಯುವ ಉದ್ದೇಶ ಕೊಂಡವರಿಗೇನಾದರೂ ಇದೆಯೇ ಎಂಬ ಪ್ರಶ್ನೆ ಮಾತ್ರ ಇರಲಿಲ್ಲ. ಅದನ್ನು ಆಗ ಗಮನಿಸದೇ ಹೋದದ್ದು ನನ್ನದೇ ತಪ್ಪು.

ಅದಾದ ಮೇಲೆ ತಾವು ಕಪ್ಪುಬಿಳುಪಿನ ಒಂದು ಹಳೆಯ ಕನ್ನಡ ಚಿತ್ರವನ್ನು ಶುದ್ಧೀಕರಿಸಿ, ರಟ್ಟಿನ ಡಬ್ಬಿಯಲ್ಲೊಂದು ಹಾಗೂ ಉಕ್ಕಿನ ಡಬ್ಬಿಯಲ್ಲೊಂದು ಆವೃತ್ತಿ ತಂದಿರಿ. ಗದಗದಿಂದ ಬಂದು ಆರು ತಿಂಗಳು ನಮ್ಮಲ್ಲಿರುವ ನನ್ನ ಅತ್ತೆ ರುದ್ರಮ್ಮನವರು, ನಾನು ತೋರಿಸಿದ ಜಾಹೀರಾತನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಇದರಾಗ ನಾನದೀನಿ" ಎಂದರು. ಅವರಿಗೆ ಒಂಬತ್ತು ವರ್ಷವಿದ್ದಾಗ ಸಿನಿಮಾದವರು ಅವರ ಊರಿನ ಕೆರೆಗೆ ಬಂದು, ಓಣಿಯ ಹುಡುಗಿಯರ ತಲೆಯ ಮೇಲೆ ಕೊಡ ಹೊರಿಸಿ ಮೆಟ್ಟಿಲು ಹತ್ತಿಸಿದ್ದರಂತೆ. ಮನೆಯಲ್ಲಿ ಸಿನಿಮಾಕ್ಕೆ ಕಳಿಸುತ್ತಿರಲಿಲ್ಲವಾದ್ದರಿಂದ ಅವರು ಅದನ್ನು ನೋಡಿಯೇ ಇರಲಿಲ್ಲ. ಆ ದಿನವೇ ನಾನು ರಟ್ಟಿನ ಡಬ್ಬಿಯನ್ನೂ, ರವಿಶಂಕರ್ ಅವರು ಉಕ್ಕಿನ ಡಬ್ಬಿಯನ್ನೂ ತರಿಸಿದೆವು.

ಭಾನುವಾರ ಮಧ್ಯಾಹ್ನ ಎಲ್ಲರೂ ಸೇರಿದೆವು. ಆನ್ ಆರ್ಬರ್‌ನಲ್ಲಿ ಓದುತ್ತಿರುವ ಮಗಳು ಮಾಳವಿಕಾ ಒಗೆಯುವ ಬಟ್ಟೆಯ ಮೂಟೆಯೊಂದಿಗೆ ಬಂದಳು. ಹೆಂಡತಿ ನೀಲಗಂಗಾ ಮಂಡಕ್ಕಿ ಹಚ್ಚಿದಳು. ರವಿಶಂಕರ್ ಅವರು ತಮ್ಮ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ಪಕ್ಕದ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ, ಸ್ಕೋಕಿಯಿಂದ ಇನ್ನೂರೆಂಬತ್ತು ಮೈಲಿ ಕರೆತಂದಿದ್ದರು. ಅದು ನೋಡುವುದಕ್ಕಲ್ಲ, ತೋರಿಸುವುದಕ್ಕೆ.

ನಾನು ರಟ್ಟಿನ ಡಬ್ಬಿಯನ್ನು ಬಿಡಿಸಿದೆ. ಮಾನ್ಯರೇ, ತಮ್ಮ ನಡುವಿನ ಗುಂಡಿ ಡಿಸ್ಕನ್ನು ಹಿಡಿದಿದ್ದ ನಿಷ್ಠೆಯನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಗುಂಡಿ ಒತ್ತಿದೆ, ಅಂಚು ಎತ್ತಿದೆ, ಚಮಚದ ಹಿಡಿಯಿಂದ ಮೆಲ್ಲಗೆ ಮೀಟಿದೆ. ನನ್ನ ಚಿಲಕಗಳು ಹೀಗೆ ಹಿಡಿದಿದ್ದರೆ ಪೊಲೀಸರು ಗಾಡಿ ನಿಲ್ಲಿಸಿದಾಗ ಅಮೆರಿಕದಲ್ಲಿ ಒಬ್ಬನೇ ಒಬ್ಬನಿಗೂ ಗಾಡಿಯ ರಿಜಿಸ್ಟ್ರೇಷನ್ ಕಾಗದ ತೆಗೆದು ತೋರಿಸಲು ಆಗುತ್ತಿರಲಿಲ್ಲ. ನಾಲ್ಕನೆಯ ಪ್ರಯತ್ನಕ್ಕೆ ಟಕ್ ಎಂದಿತು. ನಡುವಿನ ತೂತಿನಿಂದ ಅಂಚಿನವರೆಗೆ ಡಿಸ್ಕು ಸೀಳಿತ್ತು. ಗುಂಡಿಗೆ ಏನೂ ಆಗಿರಲಿಲ್ಲ.

ಮಾಳವಿಕಾ ಫೋನಿನಲ್ಲಿ ಹುಡುಕಿ, "ಇಟ್ಸ್ ನಾಟ್ ಸ್ಟ್ರೀಮಿಂಗ್ ಎನಿವೇರ್, ಅಪ್ಪಾ" ಎಂದಳು. ಹೊಸ ರೇಷ್ಮೆ ಸೀರೆ ಉಟ್ಟು ಸೋಫಾದ ತುದಿಯಲ್ಲಿ ಕೂತಿದ್ದ ಅತ್ತೆಯವರು, "ಇರಲಿ ಬಿಡ್ರಿ, ಅಳಿಯಂದ್ರ ಏನ್ ಮಾಡ್ಯಾರ" ಎಂದು ಕನ್ನಡಕ ತೆಗೆದು ಪೆಟ್ಟಿಗೆಗೆ ಹಾಕಿಕೊಂಡರು. ಅವರ ಪೆಟ್ಟಿಗೆ ಸರಾಗವಾಗಿ ತೆರೆಯಿತು, ಸರಾಗವಾಗಿ ಮುಚ್ಚಿತು.

ಎಲ್ಲರ ಕಣ್ಣೂ ಟವೆಲಿನ ಕಡೆ ಹೊರಳಿದ್ದು ರವಿಶಂಕರ್ ಅವರಿಗೆ ತಿಳಿಯಿತು. "ಸೀಲ್ ಒಂದ್ಸಲ ಹೋದ್ರೆ ಹೋಯ್ತು, ಸಂಗಮೇಶ್" ಎಂದರು, ನನ್ನ ಮುಖ ನೋಡದೆ. ತಮ್ಮ ಮನೆಯಲ್ಲಿ ಇಂಥ ನಾನೂರು ಡಬ್ಬಿಗಳಿದ್ದು ಒಂದನ್ನೂ ತೆರೆದಿಲ್ಲವೆಂದು ಅತ್ತೆಯವರಿಗೆ ವಿವರಿಸಿದರು. ಅತ್ತೆಯವರು ಗಮನವಿಟ್ಟು ಕೇಳಿ, ಕುಹಕವಿಲ್ಲದೆ, ತಿಳಿಯಬೇಕೆಂದೇ ಕೇಳಿದರು: "ತಮ್ಮಾ, ಒಳಗ ಸಿನಿಮಾ ಐತಿ ಅಂತ ನಿಮಗ ಹೆಂಗ ಗೊತ್ತು?"

ರವಿಶಂಕರ್ ಅವರು ಟವೆಲನ್ನು ಬಿಚ್ಚಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಹೆಬ್ಬೆರಳ ಉಗುರಿನಿಂದ ಹಾಳೆಯ ಮೂಲೆಯನ್ನು ಸೀಳಿದರು. ಒಳಗಿದ್ದದ್ದೂ ತಮ್ಮ ಅದೇ ಗುಂಡಿ. ಆದರೆ ಮಕ್ಕಳ ಕೈಗೆ ಸುಲಭವಾಗಿ ತೆರೆಯದ ಔಷಧಿ ಬಾಟಲಿಗಳ ಮುಚ್ಚಳವನ್ನು ಮೂವತ್ತು ವರ್ಷ ಮುದುಕರಿಗೆ ತೆಗೆದುಕೊಟ್ಟ ಕೈ ಅವರದು. ಅಂಗೈಯಿಂದ ಒತ್ತಿ, ಕೊಂಚ ತಿರುಗಿಸಿದರು. ಡಿಸ್ಕು ಕೈಗೆ ಬಂತು.

ಚಿತ್ರ ಶುರುವಾಗಿ ಮುಕ್ಕಾಲು ಗಂಟೆಗೆ ಕೆರೆ ಬಂತು. ಮೆಟ್ಟಿಲ ಮೇಲೆ ಆರು ಹುಡುಗಿಯರು, ನಾಲ್ಕೇ ಸೆಕೆಂಡು. "ತಡಿ, ಹಿಂದಕ್ಕ ಹೋಗು" ಎಂದರು ಅತ್ತೆಯವರು. ಮಾಳವಿಕಾ ಹಿಂದಕ್ಕೆ ಹೋಗಿ ಚಿತ್ರವನ್ನು ನಿಲ್ಲಿಸಿದಳು. ನೀಲಗಂಗಾ ಮುಂದಿನ ಹುಡುಗಿಯನ್ನು ತೋರಿಸಿ, "ಇಕಿ ನೀನೇ ಏನಬೇ?" ಎಂದು ಕೇಳಿದಳು.

"ಅಲ್ಲ. ನಾ ಹಿಂದದೀನಿ, ಕೊಡ ಓರಿ ಮಾಡ್ಕೊಂಡು. ಮುಂದ ಹೊಂಟಾಕಿ ನಮ್ಮಕ್ಕ."

ಅಕ್ಕನೊಬ್ಬಳಿದ್ದಳು, ಚಿತ್ರೀಕರಣವಾದ ವರ್ಷವೇ ಜ್ವರದಲ್ಲಿ ತೀರಿಕೊಂಡಳು ಎಂಬುದಷ್ಟೇ ನಮಗೆ ಗೊತ್ತಿತ್ತು. ಅವಳದೊಂದು ಫೋಟೊ ಆ ಮನೆಯಲ್ಲಿ ಯಾರೂ ತೆಗೆಸಿರಲಿಲ್ಲ. ಅತ್ತೆಯವರು ಎದ್ದು ಟಿವಿಯ ಹತ್ತಿರ ಹೋಗಿ, ಮುಟ್ಟದೆ, ಒಂದು ಗೇಣು ದೂರದಲ್ಲಿ ನಿಂತರು. "ನಾ ಅಕಿ ಮಾರಿ ಮರತಿದ್ದೆ" ಎಂದರು. ಮಾಳವಿಕಾ ಅಜ್ಜಿಯ ಪಕ್ಕ ನಿಂತು, ಎಂದೂ ಇಲ್ಲದೆ ಕನ್ನಡದಲ್ಲಿ, "ಇನ್ನೊಂದ್ಸಲ ಹಾಕ್ಲಾ, ಅಜ್ಜಿ?" ಎಂದು ಕೇಳಿದಳು. ಮತ್ತೆ ಹಾಕಿದಳು, ಮತ್ತೆ ಹಾಕಿದಳು. ಎರಡು ಸಲ ಮಾಡಿದ ಚಹಾ ಎರಡು ಸಲವೂ ಆರಿತು. ಕಣ್ಣೊರೆಸಿಕೊಳ್ಳುತ್ತ ಹಿಂದೆ ಸರಿದ ರವಿಶಂಕರ್ ಅವರು ತಮ್ಮ ಉಕ್ಕಿನ ಡಬ್ಬಿಯ ಮೇಲೆಯೇ ಕೂತುಬಿಟ್ಟರು. ಮುಚ್ಚಳದಲ್ಲಿ ಬಿದ್ದ ತಗ್ಗಿನಲ್ಲಿ ಒಂದು ಇಡ್ಲಿಯಷ್ಟು ಹಿಟ್ಟು ಹೊಯ್ಯಬಹುದು. ಅವರು ಅದನ್ನೊಮ್ಮೆ ಸವರಿ, "ಇರಲಿ ಬಿಡಿ" ಎಂದರು.

ಆದರೆ ಅತ್ತೆಯವರ ಪ್ರಶ್ನೆ ಅವರನ್ನು ಸ್ಕೋಕಿಯವರೆಗೂ ಹಿಂಬಾಲಿಸಿತು. ಮರುವಾರ ಅವರು, ಮಾನ್ಯರೇ, ತಮ್ಮ ಸಂಸ್ಥೆ ಹೊರತಂದ ಹನ್ನೊಂದು ಡಬ್ಬಿಗಳನ್ನು ಒಡೆದು ನೋಡಿ ನನಗೆ ಫೋನ್ ಮಾಡಿದರು. ಎರಡರಲ್ಲಿ ಬೇರಾವುದೋ ಚಿತ್ರದ ಡಿಸ್ಕು. ಒಂದರಲ್ಲಿ ಡಿಸ್ಕೇ ಇಲ್ಲ, ಗುಂಡಿ ಮಾತ್ರ ಇದೆ. ಆರು ವರ್ಷ ಆ ಡಬ್ಬಿ ಅವರ ಬೈಠಕ್ ಖಾನೆಯಲ್ಲಿ ದೀಪದ ಕೆಳಗಿತ್ತು. ಹಾಳೆ ಹರಿದ ಡಬ್ಬಿಗಳನ್ನು ಬದಲಿಸಿಕೊಡುವುದಿಲ್ಲವೆಂದು ತಾವು ಅವರಿಗೂ ನನಗೂ ಉತ್ತರಿಸಿದ್ದೀರಿ. ಹಾಳೆ ಹರಿಯದೆ ಒಳಗಿನ ದೋಷ ಪತ್ತೆ ಮಾಡುವ ವಿಧಾನವನ್ನು ಯಾವ ಗುರುಗಳಿಂದ ಕಲಿಯಬೇಕೆಂದು ಮಾತ್ರ ತಿಳಿಸಿಲ್ಲ.

ಆದ್ದರಿಂದ ಕೆಲವು ಪ್ರಾರ್ಥನೆಗಳಿವೆ. ತಮ್ಮ ಗುಂಡಿಯನ್ನು ರಾಷ್ಟ್ರದ ಬ್ಯಾಂಕುಗಳ ಬಾಗಿಲಿಗೆ ಅಳವಡಿಸುವಂತೆ ಸರ್ಕಾರಕ್ಕೆ ಶಿಫಾರಸು ಮಾಡಲು ನನಗೆ ಅನುಮತಿ ನೀಡಬೇಕು. ಪ್ರತಿ ಡಬ್ಬಿಯೊಂದಿಗೆ ಒಬ್ಬ ನಿವೃತ್ತ ಫಾರ್ಮಸಿಸ್ಟರನ್ನು ಉಚಿತವಾಗಿ ಕಳಿಸಬೇಕು. ಮುಂದಿನ ಸಮೀಕ್ಷೆಯ ಪ್ರಶ್ನೆಗಳನ್ನು ರುದ್ರಮ್ಮನವರಿಂದ ಬರೆಸಬೇಕು. ಅವರ ಒಂದೇ ಪ್ರಶ್ನೆ ತಮ್ಮ ಮೂವತ್ತೆರಡಕ್ಕೆ ಸಾಕು. ಇದ್ಯಾವುದೂ ಆಗದಿದ್ದರೆ, ಬರುವ ತಿಂಗಳ ಹದಿನೆಂಟಕ್ಕೆ ಅವರು ಗದಗಕ್ಕೆ ಹೊರಡುವ ಮೊದಲು ಒಡೆಯದ ಒಂದು ಡಿಸ್ಕನ್ನು, ಬರೀ ಹಾಳೆಯಲ್ಲಿ ಸುತ್ತಿಯಾದರೂ, ಕಳಿಸಿಕೊಡಬೇಕು. ಡಬ್ಬಿ ಬೇಡ.

ತಮ್ಮ ಗುಂಡಿಯಷ್ಟೇ ಬಿಗಿಯಾದ ವಿಶ್ವಾಸವುಳ್ಳ,
ಸಂಗಮೇಶ್
ಪ್ಲಿಮತ್, ಮಿಶಿಗನ್

ಮರೆತ ಮಾತು: ಡಬ್ಬಿಯ ಹಿಂಬದಿಯಲ್ಲಿ ಡಬ್ಬಿಯನ್ನು ರೂಪಿಸಿದ ತಮ್ಮ ಹೆಸರೂ, ರಟ್ಟನ್ನು ಆರಿಸಿದವರ ಹೆಸರೂ, ಆ ಹೆಸರುಗಳ ಅಕ್ಷರಗಳನ್ನು ಬಿಡಿಸಿದವರ ಹೆಸರೂ ಇವೆ. ಕೆರೆಯ ಮೆಟ್ಟಿಲಲ್ಲಿ ಮುಂದೆ ಹೋಗುವ ಹುಡುಗಿಯ ಹೆಸರು ಈರವ್ವ. ವಯಸ್ಸು ಹನ್ನೊಂದು. ಮರುಮುದ್ರಣದಲ್ಲಿ ಜಾಗ ಸಾಲದಿದ್ದರೆ ತಮ್ಮ ಹೆಸರನ್ನು ಕೊಂಚ ಚಿಕ್ಕದಾಗಿಸಬಹುದು. ಓದಲಾಗುವುದಿಲ್ಲವೆಂದು ಯಾವ ಸಂಗ್ರಾಹಕನೂ ದೂರು ಬರೆಯಲಾರ.